ಏಳು

ಅಕ್ಕ ತಂಗಿಯ ಬೂಟಿನ ದಾರ ಬಿಚ್ಚುತ್ತಿದ್ದಳು. ಬೆಳಗಿನಿಂದ ಇದು ಎರಡನೆಯ ಸಲ. ಮೊದಲ ಸಲ ಬಿಚ್ಚಿ ಮಂಚದ ಕೆಳಗೆ ತಳ್ಳಿ, ಮುಖ ತೊಳೆದು ಬರುವಷ್ಟರಲ್ಲಿ ಕೋಚ್ ಆ ಮುಳ್ಳಿನ ಬೂಟುಗಳನ್ನು ಹುಡುಕಿ ತೆಗೆದು, ಹೆಣದ ಕಾಲಿಗೆ ಮತ್ತೆ ತೊಡಿಸಿ, ಎರಡೆರಡು ಗಂಟು ಬಿಗಿದು, ಮಹಾ ಕೆಲಸ ಮಾಡಿದವರಂತೆ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದರು.

"ಅವಳು ಅಥ್ಲೀಟಮ್ಮಾ," ಎಂದರು ಕೋಚ್. "ಬೂಟಿಲ್ಲದೆ ಕಳಿಸ್ತೀರಾ?"

"ಹೆಣ ಓಡಲ್ಲ ಸಾರ್."

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಗೊರಗಿ ಕೂತಿದ್ದ ತಂಗಿಯ ಗಂಡ ತಲೆಯೆತ್ತಲಿಲ್ಲ.

ಅಕ್ಕ ಬೂಟು ಕಿತ್ತಳು. ಮೂವತ್ತು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಸತ್ತವರ ಕಾಲು ಅವಳಿಗೆ ಹೊಸದಲ್ಲ. ತಂಗಿಯ ಎರಡು ಉಗುರು ಕಪ್ಪಾಗಿದ್ದವು. ಹಿಮ್ಮಡಿಗೆ ಹಳೆಯ ಪ್ಲಾಸ್ಟರಿನ ಅಂಟು, ಮೊಣಕಾಲಿಗೆ ಹೊಲಿಗೆಯ ಗುರುತು. ಇಷ್ಟಾದರೂ ನಲವತ್ತೈದು ವರ್ಷದ ಹೆಂಗಸಿನ ಕಾಲೆಂದರೆ ಯಾರೂ ನಂಬುತ್ತಿರಲಿಲ್ಲ, ಅಷ್ಟು ಗಟ್ಟಿ. ಆ ಗಟ್ಟಿತನವನ್ನು ನೋಡಿಯೇ ಅಕ್ಕನಿಗೆ ಮೈ ಉರಿಯಿತು.

ಕೋಚ್‌ಗೆ ಎಪ್ಪತ್ತರ ಹತ್ತಿರ. ಬೆನ್ನು ಇನ್ನೂ ನೆಟ್ಟಗಿತ್ತು. ಎಣಿಸುವುದು ಅವರ ಚಟ. ಬಸ್ಕಿ ಎಣಿಸುತ್ತಿದ್ದರು, ಸುತ್ತು ಎಣಿಸುತ್ತಿದ್ದರು, ಚಹಾದ ಗುಟುಕನ್ನೂ ಬಿಡುತ್ತಿರಲಿಲ್ಲ. ಹೆಣದ ಖಾಲಿ ಪೆಟ್ಟಿಗೆಯನ್ನು ಈ ಮಹಡಿಗೆ ಹತ್ತಿಸುವಾಗಲೂ ಮೆಟ್ಟಿಲು ಎಣಿಸಿಕೊಂಡೇ ಬಂದಿದ್ದರು. "ಹದಿಮೂರು, ಹದಿನಾಲ್ಕು. ಆಯ್ತು, ಇಳಿಸಿ."

*

ತಂಗಿಯನ್ನು ಹದಿಮೂರನೆಯ ವಯಸ್ಸಿನಲ್ಲಿ ಆರಿಸಿಕೊಂಡವರು ಈ ಕೋಚೇ.

"ಒಂದರಲ್ಲೂ ಮೊದಲು ಬರಲ್ಲ ಇವಳು. ಆದ್ರೆ ಯಾವುದರಲ್ಲೂ ಮೂರರಿಂದ ಕೆಳಗೆ ಇಳಿಯಲ್ಲ," ಎಂದು ಮನೆಗೇ ಬಂದು ಹೇಳಿದ್ದರು. "ಇಂಥವರು ಸಿಗೋದು ಅಪರೂಪ. ಒಂದು ಕೆಲಸ ಎಲ್ಲರೂ ಮಾಡ್ತಾರೆ. ಎಲ್ಲಾ ಕೆಲಸ ಮಾಡೋರೇ ಪೂರ್ತಿ ಫಿಟ್."

ಹಾಕಿದ್ದು ಹೆಪ್ಟಾಥ್ಲಾನಿಗೆ: ಎರಡು ದಿನ, ಏಳು ಸ್ಪರ್ಧೆ. ಮೊದಲ ದಿನ ಹರ್ಡಲ್ಸ್, ಎತ್ತರ ಜಿಗಿತ, ಗುಂಡೆಸೆತ, ಇನ್ನೂರು ಮೀಟರ್ ಓಟ. ಮರುದಿನ ಉದ್ದ ಜಿಗಿತ, ಜಾವೆಲಿನ್, ಕಡೆಗೆ ಜೀವ ಹಿಂಡುವ ಎಂಟುನೂರು ಮೀಟರ್. ಮೊದಲನೆಯ ವಾರವೇ ಹುಡುಗಿ ಹರ್ಡಲಿಗೆ ಕಾಲು ತಾಗಿಸಿಕೊಂಡು ಮುಗ್ಗರಿಸಿದಳು. ಕೋಚ್ ದೂರದಿಂದ "ಏಳು! ಏಳು!" ಎಂದು ಕೂಗಿದರು. ಅವಳು ಮಣ್ಣು ಕೊಡವಿಕೊಂಡು ಎದ್ದು, "ಇಲ್ಲ ಸಾರ್, ಐದನೇದಕ್ಕೇ ಬಿದ್ದೆ," ಎಂದಳು. ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಕ್ಕಿತು.

ಅವತ್ತಿನಿಂದ ಅವಳ ಹೆಸರು ಏಳು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಮೊಣಕಾಲಿನ ಆಪರೇಷನ್ ಆದಾಗ ಮೂರು ತಿಂಗಳು ಮಂಚ ಬಿಡಬಾರದೆಂದು ಅಕ್ಕ ಕಟ್ಟಪ್ಪಣೆ ಮಾಡಿದ್ದಳು. ಆರನೆಯ ವಾರಕ್ಕೆ ಕೋಚ್ ವಾರ್ಡಿನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು. "ಏಳು." ಕರೆದರೋ ಎಬ್ಬಿಸಿದರೋ ದೇವರಿಗೇ ಗೊತ್ತು. ತಂಗಿ ಹಲ್ಲು ಕಚ್ಚಿ ಮಂಚದಿಂದ ಇಳಿದಳು. ಅಕ್ಕ ಎಷ್ಟು ಬೈದರೂ ಅವಳು ನಕ್ಕುಬಿಟ್ಟಳು. ಅಂಥ ಹೆಸರಿಟ್ಟುಕೊಂಡವಳು ಮಲಗುವುದಾದರೂ ಹೇಗೆ?

*

"ಅವರಿದ್ರೆ ಶಾಲೇಲಿ ನಮಗೆ ಚಿಂತೇನೇ ಇರ್ಲಿಲ್ಲ," ಎಂದು ಹೆಡ್‌ಮಿಸ್ ಮಂಚದ ಪಕ್ಕ ಕೂತು ಮೂಗೊರೆಸಿಕೊಂಡರು. ತಂಗಿ ಇಪ್ಪತ್ತು ವರ್ಷದಿಂದ ಅವರ ಶಾಲೆಯ ಆಟದ ಟೀಚರ್. "ಆಟದ ಪೀರಿಯಡ್ಡು ಅವರದೇ, ಬೆಲ್ಲು ಅವರದೇ, ಮಕ್ಕಳನ್ನ ಬಸ್ ಹತ್ತಿಸೋದು, ಗಾಯಕ್ಕೆ ಔಷಧಿ, ಲೈಬ್ರರಿ ಬೀಗ, ನೀರಿನ ಟ್ಯಾಂಕು. ಯಾರಾದ್ರೂ ರಜಾ ಹಾಕಿದ್ರೆ ಅವರ ಕ್ಲಾಸೂ ಇವರದೇ. ಏಳು ಜನರ ಕೆಲಸ ಒಬ್ಬರೇ ಮಾಡೋರು. ಹೆಸರಿಗೆ ತಕ್ಕ ಹಾಗೆ."

"ಹಾಗಾದ್ರೆ ಏಳು ಜನರನ್ನ ಇಟ್ಕೋಬೇಕಿತ್ತು ನೀವು," ಎಂದಳು ಅಕ್ಕ.

"ನಾವೇನು ಬಲವಂತ ಮಾಡಿದ್ವಾ? ಅವರೇ ಯಾವತ್ತೂ ಆಗಲ್ಲ ಅಂದವರಲ್ಲ."

"ಅಂದಿದ್ಲು. ನಾಲ್ಕು ದಿನದಿಂದ ಜ್ವರ, ನೂರ ಎರಡಿದೆ, ಬರೋಕಾಗಲ್ಲ ಅಂತ ನಿಮಗೆ ಫೋನ್ ಮಾಡಿದ್ಲು. ನಾನು ಪಕ್ಕದಲ್ಲೇ ಇದ್ದೆ."

ಹೆಡ್‌ಮಿಸ್ ಕರ್ಚೀಫು ಮಡಿಸಿದರು. "ಶಾಲೆಯ ಕ್ರೀಡಾಕೂಟ ಅಲ್ವಾ... ಸುಮ್ನೆ ಬಂದು ಕುರ್ಚಿ ಮೇಲೆ ಕೂತಿರಿ ಅಂದೆ, ಅಷ್ಟೇ. ಓಡಿ ಅಂತ ನಾನು ಹೇಳ್ಲಿಲ್ಲ. ಸಾರ್ ಮುಖ್ಯ ಅತಿಥಿ. ಅವರೇ ಮೈಕಲ್ಲಿ ಕರೆದ್ರು."

ಕೋಚ್ ಕಿಟಕಿಯಿಂದ ತಿರುಗಿದರು. "ಪೂರ್ತಿ ಫಿಟ್ ಅಂದ್ರೆ ಏನು ಅಂತ ಮಕ್ಕಳಿಗೆ ತೋರ್ಸೋಣ ಅಂದೆ. ಎರಡೇ ಸುತ್ತು. ಅವಳಿಗೆ ಎರಡು ಸುತ್ತು ಯಾವ ಲೆಕ್ಕ?"

"ಅವಳು ಬಿದ್ದ ಮೇಲೆ?" ಎಂದಳು ಅಕ್ಕ.

ಕೋಚ್ ಮತ್ತೆ ಕಿಟಕಿಯತ್ತ ತಿರುಗಿದರು.

"ನನ್ನ ಆಸ್ಪತ್ರೆಗೇ ತಂದ್ರಲ್ಲ ಅವಳನ್ನ. ಬಿದ್ದ ಕೂಡ್ಲೇ ತಂದ್ವಿ ಅಂದ್ರಿ. ಕೂಡ್ಲೇ ಅಂದ್ರೆ ಎಷ್ಟು ನಿಮಿಷ ಸಾರ್?"

"ಕೂಡ್ಲೇ ಅಂದ್ರೆ ಕೂಡ್ಲೇ ಅಮ್ಮಾ."

ಚಹಾದ ಗುಟುಕು ಎಣಿಸುವ ಮನುಷ್ಯನ ಹತ್ತಿರ ಇದಕ್ಕೆ ಮಾತ್ರ ಸಂಖ್ಯೆ ಇರಲಿಲ್ಲ. ಅಕ್ಕನಿಗೆ ಬೇಕಾಗಿದ್ದುದು ಅದೊಂದೇ. ಜ್ವರಕ್ಕೆ ಸೋತ ಹೃದಯ ನಿಂತಿತ್ತು, ಸರಿ. ನಿಂತ ಹೃದಯದ ಮೇಲೆ ಕೈಯೂರಿ ಒತ್ತಿ ಎಷ್ಟೋ ಜನರನ್ನು ಉಳಿಸಿದ ಕೈ ಅವಳದು. ಆದರೆ ಒತ್ತುವುದು ಮೊದಲ ಒಂದೆರಡು ನಿಮಿಷದಲ್ಲೇ ಆಗಬೇಕು. ಮೈದಾನದಲ್ಲಿ ಮುನ್ನೂರು ಜನ ಇದ್ದರು. ಆ ನಿಮಿಷಗಳನ್ನು ಯಾರು ನುಂಗಿದರು?

"ದೊಡ್ಡಮ್ಮ, ಸ್ವಲ್ಪ ಬಾ," ಎಂದು ತಂಗಿಯ ಮಗಳು ಅಡುಗೆಮನೆಯ ಬಾಗಿಲಿಂದ ಕರೆದಳು.

*

ಹದಿನೈದರ ಹುಡುಗಿ, ಅದೇ ಶಾಲೆ. ಅಡುಗೆಮನೆಯ ಗೋಡೆಗೆ ಅವಳಮ್ಮ ತರಗತಿಗೆಂದು ಬರೆದಿದ್ದ ಚಾರ್ಟು ಅಂಟಿಸಿತ್ತು. ಪೂರ್ತಿ ಫಿಟ್ ಅಂದರೆ: ಒಂದು, ವೇಗ. ಎರಡು, ಬಲ. ಮೂರು, ಉಸಿರು. ನಾಲ್ಕು, ಬಾಗುವ ಮೈ. ಐದು, ತಪ್ಪದ ಸಮತೋಲ. ಆರು, ಕಣ್ಣು ಕೈ ಹೊಂದಿಕೆ. ಏಳು, ಮಲಗುವುದು. ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು.

"ಏಳು ಅಂದ್ರೆ ಮಲಗೋದಾ ಟೀಚರ್ ಅಂತ ಎಲ್ಲರೂ ನಗ್ತಿದ್ರು," ಎಂದಳು ಹುಡುಗಿ.

ಊರಿಗೆಲ್ಲ ಬುದ್ಧಿ ಹೇಳಿ ತಾನು ಮಾತ್ರ ಜ್ವರದಲ್ಲಿ ಓಡಿದಳಲ್ಲ, ಪಾಪಿ! ಸತ್ತವಳ ಕೆನ್ನೆಗೊಂದು ಬಾರಿಸಬೇಕೆನ್ನಿಸಿತು ಅಕ್ಕನಿಗೆ.

ಹುಡುಗಿ ಮುಷ್ಟಿ ಬಿಚ್ಚಿದಳು. ಒಳಗೆ ಸ್ಟಾಪ್‌ವಾಚ್ ಇತ್ತು.

"ಟೈಮ್ ನೋಡ್ತಿದ್ದೋಳು ನಾನೇ. ಬಿದ್ದಾಗ ಎರಡು ನಿಮಿಷ ಐವತ್ತು. ಸಾರ್ ಮೈಕಲ್ಲಿ 'ಏಳು, ಏಳು' ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿ ಹಾಗೇ ಕೂಗಿದ್ರು. ಎದ್ದೇ ಏಳ್ತಾಳೆ ಅಂತ, ಯಾವಾಗ್ಲೂ ಎದ್ದಿದ್ದಾಳಲ್ಲ..." ಅವಳು ವಾಚನ್ನು ಅಕ್ಕನ ಕೈಗಿಟ್ಟಳು. "ನಾನೂ ಕೂಗಿದೆ ದೊಡ್ಡಮ್ಮ. ಅಮ್ಮ ಅಂತ ಕೂಗ್ಲಿಲ್ಲ. ಏಳು ಅಂತಾನೇ ಕೂಗಿದೆ. ಹೋಗಿ ಮುಟ್ಟಿದ ಮೇಲೆ ವಾಚು ನಿಲ್ಲಿಸ್ದೆ."

ವಾಚಿನಲ್ಲಿ ಆರು ನಿಮಿಷ ನಲವತ್ತು ಎಂದಿತ್ತು.

ಮೂರು ನಿಮಿಷ ಐವತ್ತು ಸೆಕೆಂಡು. ಮುನ್ನೂರು ಜನ ಚಪ್ಪಾಳೆ ತಟ್ಟುತ್ತ ನಿಂತಿದ್ದರು. ಅಕ್ಕ ಈ ವಾಚನ್ನು ಕೋಚಿನ ಮುಖಕ್ಕೆ ಹಿಡಿದು, ನೋಡು, ನಿನ್ನ ಕೂಡಲೇ ಎಂದರೆ ಇಷ್ಟು ಎಂದು ನಾಲ್ಕು ಜನರ ಮುಂದೆ ಕಿರುಚಬೇಕೆಂದು ಬಾಗಿಲವರೆಗೂ ಹೋದಳು.

"ಎಲ್ಲರಿಗೂ ಹೇಳ್ತೀಯಾ?" ಎಂದಳು ಹುಡುಗಿ ಹಿಂದಿನಿಂದ.

ಅಕ್ಕ ನಿಂತಳು. ಆ ಸಂಖ್ಯೆ ಹೊರಗೆ ಹೋದರೆ ಅದರ ಜೊತೆ ಈ ಮಗುವೂ ಹೋಗುತ್ತದೆ. ಕೂಗಿದವರು ಯಾರು ಯಾರು ಎಂದು ಕೇಳದೆ ಬಿಡುವ ಜನವೇ ಇದು? ಅವಳು ವಾಚನ್ನು ತನ್ನ ಕೈಚೀಲದ ತಳಕ್ಕೆ ತುರುಕಿದಳು.

"ಇಲ್ಲ. ನೀನು ಕೂಗಿದ್ದಲ್ಲ ಅದು. ಮೂವತ್ತೆರಡು ವರ್ಷದಿಂದ ಆ ಸಾರ್ ನಿಮ್ಮೆಲ್ಲರ ಬಾಯಲ್ಲಿ ಕೂರಿಸಿದ್ದು."

*

ಕೆಳಗೆ ವ್ಯಾನಿನ ಹಾರನ್ ಕೇಳಿಸಿತು. ತಂಗಿಯನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಮುಚ್ಚಳ ಹಾಕುವ ಮೊದಲು ಕೋಚ್ ಕೈ ಮೇಲೆತ್ತಿದರು.

"ಒಂದು ನಿಮಿಷ. ಕೊನೇ ಸಲ ಎಲ್ಲರೂ ಅವಳ ಹೆಸರು ಕೂಗೋಣ. ಮೂರು ಸಲ, ಗಟ್ಟಿಯಾಗಿ."

ಅವರು ಎದೆ ತುಂಬ ಉಸಿರೆಳೆದುಕೊಂಡರು. ಹುಡುಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಬಾಯಿ ಮುಚ್ಚಿ ಸಾರ್," ಎಂದಳು ಅಕ್ಕ.

ಕೋಚ್ ಎತ್ತಿದ ಕೈ ಇಳಿಸಿದರು.

"ಹದಿಮೂರು ವರ್ಷದ ಮಗು ಇದ್ದಾಗಿಂದ ಎಬ್ಬಿಸ್ತಾನೇ ಇದ್ದೀರಿ. ಮೊಣಕಾಲಿಗೆ ಹೊಲಿಗೆ ಹಾಕಿದ್ದಾಗ ಎಬ್ಬಿಸಿದ್ರಿ, ಜ್ವರದಲ್ಲಿ ಎಬ್ಬಿಸಿದ್ರಿ. ಇನ್ನೂ ಸಾಲದಾ?"

"ಪ್ರೀತಿಯಿಂದ ಕರೀತಿದ್ದೆ ಅಮ್ಮಾ," ಎಂದರು.

"ಗೊತ್ತು. ಅದಕ್ಕೇ ಯಾರೂ ಎತ್ತೋಕೆ ಹೋಗ್ಲಿಲ್ಲ." ಅಕ್ಕ ಸುತ್ತ ನೋಡಿದಳು. "ಈ ಮನೇಲಿ ಇವತ್ತು ಆ ಮಾತು ಯಾರ ಬಾಯಲ್ಲೂ ಬರಕೂಡದು. ಅವಳು ಮಲಗಿದ್ದಾಳೆ. ಮಲಗ್ಲಿ ಬಿಡಿ."

ಹುಡುಗಿ ಮುಂದೆ ಬಂದು ಅಮ್ಮನ ಬರಿಗಾಲಿನ ಮೇಲೆ ಹೊದಿಕೆ ಎಳೆದು, ಚಳಿಗೆ ಮಾಡುವ ಹಾಗೆ ಅಂಚನ್ನು ಕಾಲಡಿಗೆ ಸಿಕ್ಕಿಸಿದಳು.

ಮೆಟ್ಟಿಲು ಇಕ್ಕಟ್ಟು, ಕತ್ತಲೆ. ಮುಂದೆ ತಂಗಿಯ ಗಂಡ ಹೆಗಲು ಕೊಟ್ಟ. ಅವನ ಪಕ್ಕಕ್ಕೆ ಕೋಚ್ ಬಂದು ನಿಂತರು. ಬೇಡ ಎನ್ನಲು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಭಾರ ಹೊರಲು ನಾಲ್ಕು ಜನ ಬೇಕಿತ್ತು. ಹಿಂದಿನ ಒಂದು ಮೂಲೆಗೆ ವ್ಯಾನಿನ ಡ್ರೈವರ್, ಇನ್ನೊಂದಕ್ಕೆ ಅಕ್ಕ. ಹುಡುಗಿ ಬೂಟು ಹಿಡಿದುಕೊಂಡು ಹಿಂದೆ ಬಂದಳು.

"ಒಂದು," ಎಂದರು ಕೋಚ್. ಹಿಂದಿನವರಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ. "ಎರಡು. ನಿಧಾನ. ಮೂರು. ನಾಲ್ಕು." ಪೆಟ್ಟಿಗೆ ಗೋಡೆಗೆ ಉಜ್ಜಿತು. "ಐದು. ಆರು."

ಪೆಟ್ಟಿಗೆ ನಿಂತಿತು.

ಕೋಚಿನ ಒಂದು ಕಾಲು ಮುಂದೆ ಚಾಚಿತ್ತು, ಬಾಯಿ ತೆರೆದಿತ್ತು. ಭಾರಕ್ಕೆ ಅಕ್ಕನ ಹೆಗಲು ಉರಿಯತೊಡಗಿತು. ಮುದುಕ ಬಾಯಿ ಮುಚ್ಚಿಕೊಂಡು, ಕಾಲಿನಿಂದಲೇ ತಡಕಿ, ಒಂದು ಮೆಟ್ಟಿಲು ಸುಮ್ಮನೆ ಇಳಿದರು. ಉಳಿದವರೂ ಇಳಿದರು.

"ಎಂಟು," ಎಂದಳು ಅಕ್ಕ ಹಿಂದಿನಿಂದ.