ಸಂತಾಪ

ಸಂಸದೀಯ ಸಮಿತಿಯ ಅಧ್ಯಕ್ಷ ಏಕನಾಥರಾವ್ ವರದಿಯ ಮೊದಲ ಸಾಲಿಗೇ ನಿಂತುಬಿಟ್ಟರು. ಕನ್ನಡಕ ಏರಿಸಿ ಅದನ್ನೇ ಮತ್ತೊಮ್ಮೆ ಓದಿ, "ಇದನ್ನು ಬರೆದ ಮಹಾನುಭಾವರು ಯಾರು?" ಎಂದು ಮರಾಠಿಯಲ್ಲಿ ಕೇಳಿದರು.

ಗೋಡೆ ಪಕ್ಕದ ಕುರ್ಚಿಯಿಂದ ಸಿದ್ರಾಮಪ್ಪ ಹಿಗ್ಗಿನಿಂದಲೇ ಎದ್ದ. ಧಾರವಾಡದಿಂದ ಪುಣೆಗೆ ಬಂದು ಹತ್ತೊಂಬತ್ತು ವರ್ಷ ಆಡಳಿತ ನ್ಯಾಯ ಸಲಹಾ ಮಂಡಳಿಯ ಕರಡುಗಳನ್ನು ತಿದ್ದಿದ ಗುಮಾಸ್ತ ಅವನು. ಕಚೇರಿಗಳು ಜನರ ಮೇಲೆ ಕ್ರಮ ಕೈಗೊಳ್ಳುವಾಗ ಹೇಗೆ ನ್ಯಾಯವಾಗಿ ನಡೆಯಬೇಕೆಂದು ಸರಕಾರಕ್ಕೆ ಬುದ್ಧಿ ಹೇಳುವುದು ಮಂಡಳಿಯ ಕೆಲಸ. ಅಂಥ ಮಂಡಳಿ ಇನ್ನು ಬೇಕೋ ಬೇಡವೋ ನೋಡಲು ಸಮಿತಿ ದಿಲ್ಲಿಯಿಂದ ಬಂದಿತ್ತು. ಬೇಡವೆಂದರೆ ಹಂಗಾಮಿ ನೌಕರ ಸಿದ್ರಾಮಪ್ಪ ಐವತ್ತೆರಡನೆಯ ವಯಸ್ಸಿನಲ್ಲಿ ಬೀದಿಗೆ.

ಹೋದ ವಾರ ಅಧ್ಯಕ್ಷರ ತಾಯಿ ತೀರಿಕೊಂಡಿದ್ದರು. ವರದಿಯ ತಲೆಗೆ ಮರಾಠಿಯಲ್ಲಿ ಎರಡು ದುಃಖದ ಮಾತು ಸೇರಿಸೆಂದು ಕಾರ್ಯದರ್ಶಿ ಹೇಳಿದ್ದರು. ಜೀವಮಾನವಿಡೀ ಇಂಗ್ಲಿಷಿನಲ್ಲೇ ಬರೆದ ಸಿದ್ರಾಮಪ್ಪ ಗಡಿಬಿಡಿಯಲ್ಲಿ, ಮಂಡಳಿಯು 'ತೀವ್ರ ಸಂತಾಪ' ವ್ಯಕ್ತಪಡಿಸುತ್ತದೆ ಎಂದು ಗೀಚಿಕೊಟ್ಟ. ಕನ್ನಡದಲ್ಲಿ ಸರಿಯೇ. ಮರಾಠಿಯಲ್ಲಿ ಸಂತಾಪವೆಂದರೆ ಸಿಟ್ಟು. ಪುಣೆಯ ಮಂಡಈ ತರಕಾರಿ ಸಂತೆಯ ಜಗಳಗಳಲ್ಲಿ ಆ ಶಬ್ದವನ್ನು ಸಾವಿರ ಸಲ ಕೇಳಿದ್ದ ಪುಣ್ಯಾತ್ಮ! ಕಿವಿ ಪುಣೆಗೆ ಬಂದಿತ್ತು, ಕೈ ಧಾರವಾಡದಲ್ಲೇ ಉಳಿದಿತ್ತು.

"ನನ್ನ ತಾಯಿ ಸತ್ತದ್ದಕ್ಕೆ ಮಂಡಳಿಗೆ ಭಾರೀ ಸಿಟ್ಟು ಬಂದಿದೆಯಂತೆ," ಎಂದರು ಅಧ್ಯಕ್ಷರು. "ಎಂಬತ್ತಾರಾಗಿತ್ತು ಅವಳಿಗೆ. ಇನ್ನೆಷ್ಟು ದಿನ ಇರಬೇಕಿತ್ತಪ್ಪಾ?"

ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಕಾರ್ಯದರ್ಶಿಯೂ ನಕ್ಕರು.

"ಸಾಹೇಬ, ಕನ್ನಡದಲ್ಲಿ ಆ ಶಬ್ದಕ್ಕೆ..."

"ಕೂತ್ಕೋ."

ಮೇಜಿನ ಮೇಲಿನ ದಪ್ಪ ಫೈಲಿನಲ್ಲಿ ಮಂಡಳಿಯ ಮೊಟ್ಟಮೊದಲ ಸಲಹೆ ಇತ್ತು: ಯಾರನ್ನೂ ಅವರ ಮಾತು ಕೇಳದೆ ಶಿಕ್ಷಿಸಬಾರದು. ಆ ಫೈಲನ್ನು ಯಾರೂ ಬಿಚ್ಚಲಿಲ್ಲ.

"ಒಂದು ಶಬ್ದ ನೆಟ್ಟಗೆ ಬಾರದವರು ಸರಕಾರಕ್ಕೆ ಕಾಯಿದೆ ಕಲಿಸುತ್ತಾರೆ! ಮುಚ್ಚಬೇಕೆಂದು ಬರೆದುಕೊಳ್ಳಿ," ಎಂದರು ಅಧ್ಯಕ್ಷರು. ಚಹಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಿದ್ರಾಮಪ್ಪ ಹೊರಗೆ ಬಂದಾಗ ಟೈಪಿಸ್ಟ್ ತ್ರಿವೇಣಿ ಯಂತ್ರಕ್ಕೆ ಮುಸುಕು ಹಾಕುತ್ತಿದ್ದಳು.

"ನೀ ಬೆಳಗಾವಿಯಾಕಿ, ಎರಡೂ ಭಾಷಾ ಬಲ್ಲಾಕಿ. ಟೈಪ್ ಮಾಡೂವಾಗ ಆ ಶಬ್ದ ಕಣ್ಣಿಗೆ ಬೀಳಲಿಲ್ಲೇನವಾ?"

"ಬಿತ್ತರಿ ಕಾಕಾ."

"ಮತ್ತ?"

"ಹೋದ ವರ್ಷ ನಿಮ್ಮದೊಂದು ತಪ್ಪು ತಿದ್ದಿದ್ದೆ. ಎಲ್ಲಾರ ಮುಂದ ಏನಂದ್ರಿ? 'ನಿನ್ನ ಕೆಲಸ ಬೆರಳಿಂದು, ತಲೀದಲ್ಲ.' ಬೆರಳು ತಮ್ಮ ಕೆಲಸ ಮಾಡಿದ್ವು." ಆಕೆ ಊಟದ ಡಬ್ಬಿ ಎತ್ತಿಕೊಂಡಳು. "ನನಗ ರಾಂಜಣಗಾಂವದ ಫ್ಯಾಕ್ಟರ್ಯಾಗ ಕೆಲಸ ಸಿಕ್ಕದರಿ. ಸೋಮವಾರದಿಂದ."

ಅಂದದ್ದು ನಿಜ. ಅಂದು ಎಲ್ಲರನ್ನೂ ನಗಿಸಿದ್ದನ್ನೂ ಅವನು ಮರೆತಿರಲಿಲ್ಲ.

ಮನೆಯ ಬಾಗಿಲಲ್ಲೇ ಹೆಂಡತಿ ಸಾವಂತ್ರವ್ವ ಕಾದಿದ್ದಳು.

"ಏನಾತ್ರೀ? ಸಾಹೇಬ್ರು ನಿಮ್ಮನ್ನ ಮಾತಾಡ್ಸಿದ್ರೇನು?"

"ಮಾತಾಡ್ಸಿದ್ರು. ನಾ ಬರದದ್ದು ಓದಿದ್ರು. ಎಲ್ಲಾರೂ ಭಾಳ ನಕ್ಕ್ರು."

"ನಕ್ಕ್ರಾ? ಹಂಗಾರ ಗೆದ್ವಿ ಬಿಡ್ರಿ! ದೊಡ್ಡ ಮಂದಿ ನಗೂದಂದ್ರ ಸಣ್ಣ ಮಾತೇನು?"

ಅವನು ಬಾಯಿ ತೆರೆಯುವಷ್ಟರಲ್ಲಿ ಆಕೆ ಒಳಗೆ ಹೋಗಿ ಬಾಣಲೆಗೆ ತುಪ್ಪ ಬಿಟ್ಟಾಗಿತ್ತು. ಸಿದ್ರಾಮಪ್ಪ ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ನಿಂತ. ರವೆ ಹುರಿಯುವ ಘಮ ಬಂತು.

"ಸಜ್ಜಕಕ್ಕ ಸಕ್ರಿ ಜಾಸ್ತಿ ಹಾಕ್ಲೇನ್ರೀ?" ಒಳಗಿಂದಲೇ ಕೂಗಿದಳು.

"ಹಾಕು," ಎಂದ.