ಡಬ್ಬಿಯಲ್ಲೊಂದು ಕರಿ ಗುಂಡಿ

ಯಾರ ದನಿಯಾದರೂ ಎರಡು ಸಲ ಕಿವಿಗೆ ಬಿದ್ದರೆ ಸಾಕು, ಮೂರನೆಯ ಸಲ ಅದು ಗುಂಡಿಯಕ್ಕನ ಬಾಯಿಂದಲೇ ಹೊರಡುತ್ತಿತ್ತು. ಷರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಮಿಷನ್ ಅವಳದು, ಹೆಸರು ಬಂದದ್ದು ಅಲ್ಲಿಂದ. ಸೂಪರ್‌ವೈಸರನ ಮೂಗಿನ ಗೊಣಗಾಟ, ಮಾಲೀಕನ ಅಳಿಯನ ಆಕಳಿಕೆ, ಇಸ್ತ್ರಿ ಮೇಜಿನ ದೊಡ್ಡಮ್ಮ ಹಬೆಯನ್ನು ಬೈಯುವ ಬೈಗುಳ ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದವು. ಒಂದು ದನಿಯನ್ನು ಮಾತ್ರ ಅವಳು ಮೂರು ವರ್ಷದಿಂದ ಯಾರೆದುರೂ ತೆಗೆದಿರಲಿಲ್ಲ. ಅದನ್ನು ಒಳಗೊಳಗೇ ಸಾಣೆ ಹಿಡಿಯುತ್ತಿದ್ದಳು.

ಅದು ಸುಲಭಣ್ಣನ ದನಿ.

ಕಾರ್ಖಾನೆಯ ಗೇಟಿಗೆ ಎದುರಾಗಿ ಅವನ ಅಂಗಡಿ. ‘ಸಂಬಳಕ್ಕೆ ಮುಂಚೆ ಸುಲಭ ಸಾಲ’ ಎಂದು ಬೋರ್ಡು. ಬೋರ್ಡಿನಲ್ಲಿ ಸುಲಭ, ಬಾಗಿಲು ದಾಟಿದರೆ ಸುಲಿಗೆ. ಮಗಳ ಪರೀಕ್ಷೆಯ ಶುಲ್ಕ ಕಟ್ಟಲು ಇನ್ನೆರಡೇ ದಿನ, ಸಂಬಳಕ್ಕೆ ಇನ್ನೂ ಹತ್ತು ದಿನ ಎಂಬ ಹೊತ್ತಿನಲ್ಲಿ ಗುಂಡಿಯಕ್ಕ ಆ ಬಾಗಿಲು ದಾಟಿದ್ದಳು. ಐದು ಸಾವಿರಕ್ಕೆ ರುಜು ಹಾಕಿಸಿಕೊಂಡು, ಪರಿಶೀಲನಾ ಶುಲ್ಕ ಐನೂರು, ಕಾಗದದ ಶುಲ್ಕ ಇನ್ನೂರು ಎಂದು ಮುರಿದುಕೊಂಡು, ಅವನು ನಾಲ್ಕು ಸಾವಿರದ ಮುನ್ನೂರು ಕೈಗಿಟ್ಟಿದ್ದ. “ನಾವೆಲ್ಲ ಮನೆಯವರ ಥರ ಅಲ್ವಾ ಅಕ್ಕ” ಎಂದಿದ್ದ. ಆಮೇಲೆ ಪ್ರತಿ ಸಂಬಳದ ದಿನವೂ ಅವಳು ಕೊಟ್ಟಳು. ಪ್ರತಿ ಸಲವೂ ಅವನು ಬಾಯಲ್ಲಿ ಬೆಣ್ಣೆ ಕರಗುವಂತೆ ಹೇಳಿದ:

“ಇದು ಬಡ್ಡಿಗೆ ಹೋಯ್ತು ಅಕ್ಕ. ಅಸಲು ಹಾಗೇ ಇದೆ.”

ಎಂಟು ತಿಂಗಳಲ್ಲಿ ತಗೊಂಡದ್ದರ ಎರಡರಷ್ಟು ಕೊಟ್ಟಾಗಿತ್ತು. ಒಂಬತ್ತನೆಯ ತಿಂಗಳು ಜ್ವರ ಬಂದು ಒಂದು ವಾರ ಮಲಗಿದಳು. ಸಂಬಳ ಕಡಿತವಾಯಿತು, ಕಂತು ತಪ್ಪಿತು. ಸುಲಭಣ್ಣ ಅವಳನ್ನು ಕೇಳಲಿಲ್ಲ. ಅರ್ಜಿಯಲ್ಲಿ ‘ಪರಿಚಯದವರು’ ಎಂದು ಬರೆಸಿಕೊಂಡಿದ್ದ ನಂಬರಿಗೆ ಫೋನ್ ಮಾಡಿದ. ಅದು ಅವಳ ಅಪ್ಪನ ನಂಬರು.

ಅಪ್ಪ ದರ್ಜಿ. ಜೀವಮಾನದಲ್ಲಿ ಒಂದು ಸೂಜಿಯನ್ನೂ ಕಡ ತಂದವನಲ್ಲ. “ಯಜಮಾನ್ರೇ, ನಿಮ್ಮ ಮಗಳು ತಲೆ ತಪ್ಪಿಸ್ಕೊಂಡು ಓಡಾಡ್ತಿದಾಳೆ. ಬೀದಿಗೆಲ್ಲ ಹೇಳೋ ಮುಂಚೆ ನಿಮಗೊಂದು ಮಾತು ಹೇಳೋಣ ಅಂತ” ಎಂದು ಅತ್ತಲಿಂದ ದನಿ ಬಂತು. ಅಪ್ಪ ಮಗಳಿಗೆ ಒಂದು ಮಾತೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ತನ್ನ ಕಾಲು ತುಳಿಯುವ ಹೊಲಿಗೆ ಮಿಷನ್ನನ್ನು ಕೈಗಾಡಿಯ ಮೇಲೆ ಹೇರಿಸಿ, ಸುಲಭಣ್ಣನ ಅಂಗಡಿಯಲ್ಲಿ ಇಳಿಸಿ, ಸಾಲ ತೀರಿತೆಂದು ಚೀಟಿ ಬರೆಸಿಕೊಂಡು ಬಂದು ಮಲಗಿದ.

ಮಲಗಿದವನ ಕಾಲು ಮಾತ್ರ ಮಲಗಲಿಲ್ಲ. ಮಂಚದ ತುದಿಯಲ್ಲಿ ಹೊದಿಕೆಯ ಕೆಳಗೆ ಪಾದಗಳೆರಡೂ ಮೇಲೆ ಕೆಳಗೆ, ಮೇಲೆ ಕೆಳಗೆ. ಇಲ್ಲದ ಮಿಷನ್ ತುಳಿಯುತ್ತಲೇ ಇದ್ದವು. ಹನ್ನೊಂದು ತಿಂಗಳು ತುಳಿದು ಒಂದು ಮಧ್ಯಾಹ್ನ ನಿಂತವು.

ಸುಲಭಣ್ಣ ಆ ಮಿಷನ್ನನ್ನು ಮಾರಲೂ ಇಲ್ಲ. ಅಂಗಡಿಯ ಬಾಗಿಲ ಪಕ್ಕ ಇಟ್ಟುಕೊಂಡು ಅದರ ಹಲಗೆಯ ಮೇಲೆ ಚಹಾದ ಫ್ಲಾಸ್ಕು ಇಡುತ್ತಿದ್ದ. ಗುಂಡಿಯಕ್ಕನ ಕಿಟಕಿಯಿಂದ ಅದು ನೇರ ಕಾಣುತ್ತಿತ್ತು. ದಿನಕ್ಕೆ ಸಾವಿರದಿನ್ನೂರು ಗುಂಡಿ ಹಚ್ಚುವಾಗ ಅವಳು ಸಾವಿರದಿನ್ನೂರು ಸಲ ಅದನ್ನು ನೋಡುತ್ತಿದ್ದಳು.

ಡಬ್ಬಿ ಎಂಬ ಉಳಿತಾಯದ ಕೂಟ ಹುಟ್ಟಿದ್ದು ಆ ನೋಟದಿಂದ. ಕೇಳಿದವರಿಗೆ ಅವಳು ‘ಪರೋಪಕಾರ’ ಎನ್ನುತ್ತಿದ್ದಳು. ಪರರಿಗೆ ಉಪಕಾರ, ಎದುರಿನವನಿಗೆ ಖಾರ. ಇಪ್ಪತ್ತೆರಡು ಹೆಂಗಸರು ಸಂಬಳ ಬಂದ ದಿನ ಅದರ ಇಪ್ಪತ್ತರಲ್ಲಿ ಒಂದು ಪಾಲು ತೆಗೆದಿಡುವುದು, ಹಣ ಮೂವರ ಹೆಸರಲ್ಲಿ ಬ್ಯಾಂಕಿನಲ್ಲಿರುವುದು, ಬಡ್ಡಿ ನೂರಕ್ಕೆ ಒಂದು, ಅದೂ ಎಲ್ಲರಿಗೂ ಹಂಚಿಕೆ. ಸಾಲ ಬೇಕಾದವರು ಎದ್ದು ನಿಂತು ಯಾಕೆಂದು ಹೇಳಬೇಕು. ಆಮೇಲೆ ಬಿಸ್ಕತ್ತಿನ ಡಬ್ಬಿಯೊಂದು ಸುತ್ತು ಬರುತ್ತದೆ. ಒಪ್ಪಿಗೆಯಿದ್ದವರು ಬಿಳಿ ಗುಂಡಿ ಹಾಕಬೇಕು, ಇಲ್ಲದವರು ಕರಿ ಗುಂಡಿ. ಒಂದೇ ಒಂದು ಕರಿ ಬಿದ್ದರೂ ಸಾಲವಿಲ್ಲ. ಯಾರು ಹಾಕಿದರೆಂದು ಕೇಳುವಂತಿಲ್ಲ.

ವರ್ಷ ತುಂಬುವುದರೊಳಗೆ ಕಾರ್ಖಾನೆಯವರಾರೂ ರಸ್ತೆ ದಾಟದಂತಾಯಿತು. ಸುಲಭಣ್ಣನಿಗೆ ಉಳಿದವರೆಂದರೆ ಗೋದಾಮಿನ ಹಮಾಲಿಗಳು, ಮೂಲೆಯ ಚಪ್ಪಲಿ ರಿಪೇರಿಯವನು. ಅವರನ್ನೂ ಕಿತ್ತುಕೊಳ್ಳಬೇಕೆಂದು ಗುಂಡಿಯಕ್ಕ ಹೊಸ ನಿಯಮ ಬರೆದು ಗೋಡೆಗೆ ಅಂಟಿಸಿದಳು: ‘ಈ ಬೀದಿಯಲ್ಲಿ ದುಡಿಯುವ ಯಾರು ಬೇಕಾದರೂ ಬಂದು ಕೇಳಬಹುದು.’ ಅವರೂ ಬಂದರು. ಸುಲಭಣ್ಣ ಫ್ಲಾಸ್ಕಿನ ಪಕ್ಕ ನೊಣ ಹೊಡೆಯುತ್ತ ಕುಳಿತ. ಅವನ ಬೋರ್ಡಿನ ದೀಪ ಕೆಟ್ಟಿತು, ಸರಿಮಾಡಿಸಲಿಲ್ಲ. ಬಾಗಿಲಿನ ಚಿಲಕ ಮುರಿಯಿತು, ಚರ್ಮದ ಪಟ್ಟಿಯೊಂದರಿಂದ ಕಟ್ಟಿ ಕೂಡಿಸಿದ. ಗುಂಡಿಯಕ್ಕ ಒಂದೊಂದನ್ನೂ ಕಿಟಕಿಯಿಂದ ನೋಡಿ ನಾಲಿಗೆ ಚಪ್ಪರಿಸಿದಳು.

ಆ ಶನಿವಾರ ಅರ್ಧ ದಿನದ ಕೆಲಸ ಮುಗಿದು, ಬಟ್ಟೆ ಕತ್ತರಿಸುವ ಉದ್ದ ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಅಂದಿನ ಪಾಲಿನ ಹಣ ಮೇಜಿನ ಮೇಲಿತ್ತು. ಬಾಗಿಲಲ್ಲಿ ಯಾರೋ ಕೆಮ್ಮಿದರು.

“ಗೋಡೆ ಮೇಲೆ ಬರೆದಿದೀರಲ್ಲ, ಬೀದಿಯಲ್ಲಿ ದುಡಿಯೋರು ಯಾರು ಬೇಕಾದ್ರೂ ಅಂತ. ನಾನೂ ಬೀದಿಯವನೇ” ಎಂದ ಸುಲಭಣ್ಣ.

“ಇನ್ನೂ ಆಗಿಲ್ಲ, ಆಗ್ತೀಯ” ಎಂದಳು ಗುಂಡಿಯಕ್ಕ. ನಗು ಮೇಜಿನ ಈ ತುದಿಯಿಂದ ಆ ತುದಿಗೆ ಓಡಿತು. “ಬಾ, ನಿಂತ್ಕೋ. ಯಾಕೆ ಬೇಕು ಅಂತ ಹೇಳು. ಗಟ್ಟಿಯಾಗಿ ಹೇಳು, ಹಿಂದೆ ಇರೋರಿಗೂ ಕೇಳಿಸ್ಲಿ.”

ಅವನ ಷರ್ಟಿನ ಮೂರನೆಯ ಗುಂಡಿ ಹೋಗಿ, ಆ ಜಾಗಕ್ಕೆ ಸ್ಟೇಪ್ಲರ್ ಪಿನ್ನು ಹೊಡೆದಿದ್ದ. ಇಪ್ಪತ್ತೆರಡು ಜೋಡಿ ಕಣ್ಣುಗಳು ಮೊದಲು ನೋಡಿದ್ದು ಅದನ್ನೇ.

“ಅಂಗಡಿ ಬಾಡಿಗೆ ಐದು ತಿಂಗಳದ್ದು ನಿಂತಿದೆ. ಸೋಮವಾರ ಇಪ್ಪತ್ತು ಸಾವಿರ ಕೊಡ್ದೇ ಇದ್ರೆ ಸಾಮಾನೆಲ್ಲ ಗುಜರಿಗೆ ಹಾಕಿ ಬೀಗ ಹಾಕ್ತಾರಂತೆ. ಬ್ಯಾಂಕಿನವರು ನನ್ನ ಅಂಗಡಿ ಹೆಸರು ಕೇಳಿಯೇ ಫೈಲು ಮುಚ್ಚಿದ್ರು” ಎಂದು ನೆಲ ನೋಡಿದ. “ಮನೇಲಿ ಇನ್ನೂ ಹೇಳಿಲ್ಲ.”

“ಹೇಳ್ಬೇಕಾ? ನಂಬರ್ ಕೊಡು, ನಾವೇ ಹೇಳ್ತೀವಿ” ಎಂದಳು ಗುಂಡಿಯಕ್ಕ.

ಯಾರೂ ನಗಲಿಲ್ಲ. ಇಸ್ತ್ರಿ ಮೇಜಿನ ದೊಡ್ಡಮ್ಮ ಅವಳ ತೋಳು ಚಿವುಟಿದಳು. “ಸಾಕು ಬಿಡೇ. ಕೊಟ್ರೆ ವಾಪಸ್ ಕೊಡ್ತಾನೆ, ಇಲ್ಲೇ ಎದುರಿಗೆ ಇರೋನು. ಅವನಿಗೂ ಹೆಂಡ್ತಿ ಮಕ್ಕಳು ಇದಾರೆ. ಬೇಯೋ ತನಕ ಕಾದೋಳು ಆರೋ ತನಕ ಕಾಯ್ಬೇಕು.”

“ಆರಿದ್ರೆ ರುಚಿ ಕೆಡುತ್ತೆ ದೊಡ್ಡಮ್ಮ.”

ಡಬ್ಬಿ ಹೊರಟಿತು. ಗುಂಡಿ ಬಿದ್ದಂತೆಲ್ಲ ಟಣ್, ಟಣ್. ಗುಂಡಿಯಕ್ಕನ ಸರದಿ ಬಂದಾಗ ಸದ್ದು ಬೇರೆಯಾಗಿ, ಟಪ್ ಎಂದು ಕೇಳಿಸಿತು. ದೊಡ್ಡಮ್ಮ ಮುಚ್ಚಳ ತೆಗೆದು ಮೇಜಿನ ಮೇಲೆ ಸುರಿದಳು. ಇಪ್ಪತ್ತೊಂದು ಬಿಳಿ. ನಡುವೆ ಒಂದೇ ಒಂದು ಕರಿ. ಅದು ಕಾರ್ಖಾನೆಯ ಪ್ಲಾಸ್ಟಿಕ್ ಗುಂಡಿಯೂ ಅಲ್ಲ. ಕೊಂಬಿನಿಂದ ಮಾಡಿದ, ಹಳೆಯ ಕಾಲದ ಕೋಟಿನ ದಪ್ಪ ಗುಂಡಿ. ದರ್ಜಿಯ ಮನೆಯಲ್ಲಷ್ಟೇ ಉಳಿದಿರುವಂಥದ್ದು.

ಯಾರು ಹಾಕಿದರೆಂದು ಯಾರೂ ಕೇಳಲಿಲ್ಲ. ನಿಯಮವಿತ್ತಲ್ಲ.

ಸುಲಭಣ್ಣ ಹೊರಡಲು ತಿರುಗಿದ. “ಕೂತ್ಕೋ ಅಣ್ಣ, ಇನ್ನೊಂದು ಅರ್ಜಿ ಇದೆ” ಎಂದು ಗುಂಡಿಯಕ್ಕ ಎದ್ದು ನಿಂತಳು. “ನನಗೆ ಐದು ಸಾವಿರ ಬೇಕು. ಯಾಕೆ ಅಂದ್ರೆ, ಸೋಮವಾರ ಒಂದು ಹೊಲಿಗೆ ಮಿಷನ್ ಗುಜರಿಗೆ ಹೋಗ್ತಾ ಇದೆ. ಅದನ್ನ ಕೊಂಡ್ಕೋಬೇಕು.”

ಡಬ್ಬಿ ಮತ್ತೆ ಹೊರಟಿತು. ಗುಂಡಿಯಕ್ಕ ಅದರ ಹಿಂದೆಯೇ ಕಣ್ಣು ಓಡಿಸಿದಳು. ಒಬ್ಬನ ಅನ್ನಕ್ಕೆ ಈಗಷ್ಟೇ ಕಲ್ಲು ಹಾಕಿದವಳು ತಾನು. ಇಪ್ಪತ್ತೊಂದು ಜನರಲ್ಲಿ ಒಬ್ಬರ ಹೊಟ್ಟೆ ಚುರ್ ಎಂದಿದ್ದರೂ ಮಿಷನ್ ಕೈ ತಪ್ಪುತ್ತದೆ. ದೊಡ್ಡಮ್ಮನ ಮುಷ್ಟಿ ಡಬ್ಬಿಯ ಮೇಲೆ ತುಂಬಾ ಹೊತ್ತು ನಿಂತಿತ್ತು. ಆಮೇಲೆ ತೆರೆಯಿತು.

ಸುರಿದರು. ಎಲ್ಲವೂ ಬಿಳಿ.

ದೊಡ್ಡಮ್ಮ ಎಡಗೈ ಬಿಚ್ಚಿ, ಹಾಕದೆ ಉಳಿಸಿಕೊಂಡ ಕರಿ ಗುಂಡಿಯನ್ನು ತೋರಿಸಿದಳು. “ಬಿಳಿ ಹಾಕಿದ್ದು ನಿನಗಲ್ಲ, ತಿಳ್ಕೋ. ನಿಮ್ಮಪ್ಪನಿಗೆ.”

ಗುಂಡಿಯಕ್ಕ ಆ ಮಾತನ್ನು ನುಂಗಿಕೊಂಡು ಸುಲಭಣ್ಣನ ಕಡೆ ತಿರುಗಿದಳು. “ಸೋಮವಾರ ಗುಜರಿಯವನು ತೂಕದ ಲೆಕ್ಕದಲ್ಲಿ ಕೊಡ್ತಾನೆ, ನನಗೇನು ಅವಸರ ಇಲ್ಲ. ಆದ್ರೆ ಆ ದುಡ್ಡು ಕಟ್ಟಡದ ಮಾಲೀಕನ ಜೇಬಿಗೆ ಹೋಗುತ್ತೆ. ಇವತ್ತೇ ಕೊಟ್ರೆ ನಿನ್ನ ಜೇಬಿಗೆ. ಏನಂತೀಯ?”

“ಐದು ಸಾವಿರ?”

“ಐದೇ ಸಾವಿರ.”

ಅವನು ತಲೆಯಾಡಿಸಿದ. ಆಗ ಗುಂಡಿಯಕ್ಕ ಬೆನ್ನು ನೆಟ್ಟಗೆ ಮಾಡಿ, ತಲೆ ಎಡಕ್ಕೆ ವಾಲಿಸಿ, ತುಟಿಯನ್ನು ಒಂದು ಬದಿಗೆ ಎಳೆದು, ಮೂರು ವರ್ಷ ಸಾಣೆ ಹಿಡಿದದ್ದನ್ನು ಹೊರಗೆ ತೆಗೆದಳು.

“ಐದು ಸಾವಿರ ಮಂಜೂರಾಗಿದೆ. ಪರಿಶೀಲನಾ ಶುಲ್ಕ ಐನೂರು, ಕಾಗದದ ಶುಲ್ಕ ಇನ್ನೂರು. ಕೈಗೆ ನಾಲ್ಕು ಸಾವಿರದ ಮುನ್ನೂರು. ಎಣಿಸ್ಕೊಳ್ಳಿ. ನಾವೆಲ್ಲ ಮನೆಯವರ ಥರ ಅಲ್ವಾ?”

ಕಣ್ಣು ಮುಚ್ಚಿದ್ದರೆ ಸುಲಭಣ್ಣನೇ ಸುಲಭಣ್ಣನಿಗೆ ಹೇಳಿದಂತಿತ್ತು. ಅವನ ಮುಖದ ಬಣ್ಣ ಒಂದೊಂದೇ ಗುಂಡಿ ಬಿಚ್ಚಿದ ಹಾಗೆ ಕಳಚಿತು. ಎಣಿಸಿಕೊಂಡ. ಮಿಕ್ಕ ಏಳು ನೂರನ್ನು ಅವಳು ಮೇಜಿನ ರಾಶಿಗೆ ವಾಪಸ್ ತಳ್ಳಿದಳು.

ಮಿಷನ್ನನ್ನು ಅವನಿಂದಲೇ ಹೊರಿಸಿದಳು. ಕಬ್ಬಿಣದ ಕಾಲು ಒಂದು ಸಲಕ್ಕೆ, ತಲೆ ಇನ್ನೊಂದು ಸಲಕ್ಕೆ. ಹಮಾಲಿಗಳು ಗೋದಾಮಿನ ಕಟ್ಟೆಯ ಮೇಲೆ ಕೂತು, “ಬಲಗಡೆ ಹಿಡಿ ಅಣ್ಣ, ಜಾರುತ್ತೆ” ಎಂದು ಬಿಟ್ಟಿ ಸಲಹೆ ಕೊಟ್ಟರು. ಕಾರ್ಖಾನೆಯ ಒಳಗೆ ಕಿಟಕಿಯ ಪಕ್ಕ ಇಳಿಸಿಕೊಂಡು ಅವಳು ಕೂತಳು. ಫ್ಲಾಸ್ಕಿನ ದುಂಡು ಕಲೆಯನ್ನು ಸೆರಗಿನಿಂದ ತಿಕ್ಕಿದಳು, ಹೋಗಲಿಲ್ಲ. ಕಾಲಿಟ್ಟು ತುಳಿದಳು. ತುಳಿಹಲಗೆ ಮೇಲೆ ಕೆಳಗೆ ಆಡಿತು, ಮೇಲಿನ ಚಕ್ರ ತಿರುಗಲಿಲ್ಲ. ಬೆಲ್ಟು ಇರಲಿಲ್ಲ.

ಬರಿದೇ ಆಡುವ ಪಾದ. ಅದನ್ನು ಅವಳು ಹನ್ನೊಂದು ತಿಂಗಳು ನೋಡಿದ್ದಳು.

“ಬೆಲ್ಟೆಲ್ಲಿ?”

ಸುಲಭಣ್ಣ ಹಿಂದೆ ನೋಡಿದ. ರಸ್ತೆಯಾಚೆ, ಚಿಲಕ ಮುರಿದ ಬಾಗಿಲನ್ನು ಚರ್ಮದ ಪಟ್ಟಿ ಬಿಗಿದು ಹಿಡಿದಿತ್ತು.

“ಅದು ತೆಗೆದ್ರೆ ಬಾಗಿಲು ನಿಲ್ಲಲ್ಲ ಅಕ್ಕ.”

“ತೆಗಿ.”

ತೆಗೆದು ತಂದುಕೊಟ್ಟ. ಬಾಗಿಲು ಗಾಳಿಗೆ ತೆರೆದುಕೊಂಡು ಗೋಡೆಗೆ ಬಡಿಯಿತು. ಅವಳು ಬೆಲ್ಟನ್ನು ಚಕ್ರಕ್ಕೆ ಏರಿಸಿ ತುಳಿದಳು. ಸೂಜಿ ಇಳಿದು ಏರಿತು. ಅವನು ಬೆವರು ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದ.

“ಈಗಲಾದ್ರೂ ಲೆಕ್ಕ ಚುಕ್ತಾ ಆಯ್ತಾ ಅಕ್ಕ?”

ಅವಳು ತಲೆಯೆತ್ತಲಿಲ್ಲ. ತುಳಿಯುವುದನ್ನೂ ನಿಲ್ಲಿಸಲಿಲ್ಲ. ಉತ್ತರ ಮಾತ್ರ ಅವನದೇ ದನಿಯಲ್ಲಿ, ಬೆಣ್ಣೆ ಕರಗಿದಂತೆ ಬಂತು.

“ಇದು ಬಡ್ಡಿಗೆ ಹೋಯ್ತು ಅಣ್ಣ. ಅಸಲು ಹಾಗೇ ಇದೆ.”