ಫೈಲ್ ನಂಬರ್ ಹದಿನೇಳು, ಕಂಪ್ಲಿ ತೊಟ್ಟಿಲು

೧

ಹೇಗೆ ಶುರು ಮಾಡಲಿ ಎಂಬುದರಲ್ಲೇ ಮೂರು ವಾರ ಕಳೆದಿದ್ದೇನೆ. ಊರಿನಿಂದ ಶುರು ಮಾಡಿದರೆ ವಿಸಿಟಿಂಗ್ ಕಾರ್ಡ್ ಓದಿದ ಹಾಗಾಗುತ್ತದೆ: ಪಂಪೇಶ್, ಸ್ಟುಡಿಯೋ ಮಾಲೀಕ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿ, ಮೊದಲ ಮಹಡಿ, ಹೊಸಪೇಟೆ. ಮದುವೆ, ಮುಂಜಿವೆ, ಸೀಮಂತ, ಪ್ರೀ-ವೆಡ್ಡಿಂಗ್. (ಬಿಡುವಿದ್ದಾಗ ಕಥೆಯನ್ನೂ ಬರೆಯುತ್ತಾನೆ. ಅದನ್ನು ಕಾರ್ಡಿನಲ್ಲಿ ಹಾಕಿಸಿಲ್ಲ.) ಫೈಲಿನಿಂದ ಶುರು ಮಾಡಿದರೆ ನೀವು ಪುಟ ತಿರುವಿಬಿಡುತ್ತೀರಿ. ಆದರೂ ಫೈಲಿನಿಂದಲೇ ಶುರು ಮಾಡುತ್ತೇನೆ. ಮನುಷ್ಯರ ಬಗ್ಗೆ ಬರೆಯಲು ಇನ್ನೂ ಧೈರ್ಯ ಬಂದಿಲ್ಲ.

೨

ಹದಿನೈದು ವರ್ಷದ ಹಿಂದಿನ ಕೆಲವು ಕ್ಯಾಮ್‌ಕಾರ್ಡರುಗಳು ಎಂಓಡಿ ಎಂಬ ಬಾಲವಿರುವ ಫೈಲುಗಳನ್ನು ಬರೆಯುತ್ತಿದ್ದವು. ಇವತ್ತಿನ ಲ್ಯಾಪ್‌ಟಾಪಿನ ಪುಕ್ಕಟೆ ಎಡಿಟಿಂಗ್ ಸಾಫ್ಟ್‌ವೇರಿಗೆ ಅವುಗಳ ಗುರುತು ಹತ್ತುವುದಿಲ್ಲ. ಬಾಲ ಬದಲಿಸಿ ಎಂಪಿಜಿ ಎಂದು ಹೆಸರಿಟ್ಟರೆ ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಎರಡು ತಕರಾರು. ಒಂದು, ಚಿತ್ರ ಅಕ್ಕಪಕ್ಕ ಕುಗ್ಗಿ ಎಲ್ಲರೂ ಗಳದಂತೆ ಉದ್ದವಾಗುತ್ತಾರೆ. ಎರಡು, ಚಿತ್ರ ಬಂದರೂ ಧ್ವನಿ ಬರುವುದಿಲ್ಲ. ಧ್ವನಿ ಫೈಲಿನಲ್ಲಿ ಇಲ್ಲವೆಂದಲ್ಲ. ಇರುತ್ತದೆ, ಸಾಫ್ಟ್‌ವೇರಿಗೆ ಅದು ತಿಳಿಯುವುದಿಲ್ಲ ಅಷ್ಟೇ. ಕನ್ವರ್ಟ್ ಮಾಡಿ ಕೊಟ್ಟರೆ ಸರಿಹೋಗುತ್ತದೆ. ನಮ್ಮಂಥವರಿಗೆ ಅರ್ಧ ತಾಸಿನ ಕೆಲಸ.

ಈ ಅರ್ಧ ತಾಸಿನ ಕೆಲಸಕ್ಕೆಂದೇ ಸರಸ್ವತೀಬಾಯಿ ಅಕ್ಕೋರು ಕೈಯಲ್ಲಿ ಕುಂಕುಮದ ಪೊಟ್ಟಣದ ಹಾಗೆ ಕಾಗದದಲ್ಲಿ ಮಡಚಿದ ಮೆಮೊರಿ ಕಾರ್ಡ್ ಹಿಡಿದು ನನ್ನ ಮೆಟ್ಟಿಲು ಹತ್ತಿ ಬಂದರು.

ಡ್ರಾಫ್ಟ್ ಒಂದು

ಅಕ್ಕೋರು ನನಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಈಗ ಅರವತ್ತೊಂಬತ್ತು. ಅವರ ಯಜಮಾನರು ತಿರುಮಲರಾಯರು ಡ್ಯಾಮಿನ ಆಫೀಸಿನಲ್ಲಿ ದಿನಾ ನೀರಿನ ಮಟ್ಟ ಬರೆಯುತ್ತಿದ್ದ ಗುಮಾಸ್ತರು. ತೀರಿಕೊಂಡು ಎರಡು ವರ್ಷವಾಯಿತು. ರಿಟೈರಾದ ವರ್ಷ ಒಂದು ಕ್ಯಾಮ್‌ಕಾರ್ಡರ್ ಕೊಂಡು, ಹಂಪಿಯ ಮಂಗಗಳಿಂದ ಹಿಡಿದು ಮೊಮ್ಮಗನ ಹಾಲುಹಲ್ಲಿನವರೆಗೆ ಎಲ್ಲವನ್ನೂ ಹಿಡಿದಿಟ್ಟಿದ್ದರು.

"ಕುಂದ್ರ್ರಿ ಅಕ್ಕೋರ," ಎಂದೆ.

"ಮಾಧವಿ ಸಂಡೂರಿನಾಗ ತನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ಳು. ಎಲ್ಲಾರೂ ಬಾಯಿ ತಗೀತಾರ, ಮಾತು ಬರವಲ್ದು. ಮ್ಯಾಲೆ ಎಲ್ಲಾರೂ ತೆಳ್ಳಗ ಆಗ್ಯಾರ. ನಾ ಎಂದರ ಇಷ್ಟು ತೆಳ್ಳಗಿದ್ದೆನೇನೋ ಪಂಪೇಶಾ?" ಅಕ್ಕೋರು ನಕ್ಕರು. ಮಾಧವಿ ಅವರ ಮಗಳು.

"ಮಾತು ಬರಂಗ ಮಾಡ್ತೀನಿ ಬಿಡ್ರಿ. ರಾಯರು ಯಾವ ಫೈಲಿನಾಗ ಅದಾರ?"

"ಯಾವುದ್ರಾಗೂ ಇಲ್ಲ. ಕ್ಯಾಮೆರಾ ಹಿಡಿದವರು ಅವರ ಅಲ್ಲೇನು?"

ನಿಜ. ಮೂವತ್ತೊಂಬತ್ತು ಫೈಲುಗಳು, ಒಂದರಲ್ಲೂ ತಿರುಮಲರಾಯರ ಕಿರುಬೆರಳೂ ಇಲ್ಲ. ಅವರು ಉಳಿದಿರುವುದು ಧ್ವನಿಯಲ್ಲಿ ಮಾತ್ರ. ವಾಟ್ಸಾಪಿನಲ್ಲೂ ಅವರು ಬೆಳಗಿನ ಪಂಚಾಂಗ ಫಾರ್ವರ್ಡ್ ಮಾಡುವುದನ್ನು ಬಿಟ್ಟು ಒಂದು ಮಾತು ಹೇಳಿದವರಲ್ಲ.

ಅಕ್ಕೋರಿಗೆ ಬೇಕಿದ್ದದ್ದು ಹದಿನೇಳನೇ ಫೈಲು. ಕಂಪ್ಲಿಯಲ್ಲಿ ಮೊಮ್ಮಗ ವೇದಾಂತನ ತೊಟ್ಟಿಲ ಕಾರ್ಯ. ನಮ್ಮ ಕಡೆ ಇಂಥ ಕಾರ್ಯಗಳಲ್ಲಿ ಹೆಂಗಸರು ಗಂಡಸರನ್ನು ಹಿಡಿದು ನಿಲ್ಲಿಸಿ ಒಡಪು ಹೇಳಿಸುತ್ತಾರೆ. ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಂಡತಿಯ ಹೆಸರು ಹೇಳಬೇಕು. ತಿರುಮಲರಾಯರು ಮದುವೆಯಾದಾಗಿನಿಂದ ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. "ಇಲ್ಲಿ ಕೇಳು", "ಎಲ್ಲಿದ್ದಿ", ಇಲ್ಲವೆಂದರೆ ಒಂದು ಕೆಮ್ಮು. ಅವತ್ತು ಹೆಂಗಸರು ಬಿಡಲಿಲ್ಲ. ಕಣ್ಣಿನಿಂದ ಕ್ಯಾಮೆರಾ ತೆಗೆಯದೆ, ಅದರ ಹಿಂದೆ ನಿಂತೇ ರಾಯರು ಒಡಪು ಹೇಳಿದರು. ಅದೇ ಹೊತ್ತಿಗೆ ಕರೆಂಟು ಹೋಗಿ ಹಿತ್ತಲಲ್ಲಿ ಜನರೇಟರ್ ಶುರುವಾಯಿತು. ತೊಟ್ಟಿಲ ಬಳಿ ನಿಂತಿದ್ದ ಅಕ್ಕೋರಿಗೆ ಒಂದಕ್ಷರ ಕೇಳಲಿಲ್ಲ.

"ಮೈಕು ಅವರ ಬಾಯಿ ಹತ್ರನ ಇತ್ತು," ಎಂದರು. "ಅದಕ್ಕ ಕೇಳಿರಬೇಕು. ಆ ಎರಡ ಮಾತು ಅಷ್ಟ ಕತ್ತರಿಸಿ ನನ್ನ ಮೊಬೈಲಿಗೆ ಹಾಕಿಕೊಡು. ಮತ್ತ, ಮೊದಲು ಕೇಳೋಮುಂದ ಕಿವಿಗೆ ಹಾಕ್ಕೊಳ್ಳೋದು ಕೊಡು. ಮಂದಿ ಮುಂದ ಕೇಳಂಗಿಲ್ಲ ನಾ."

ನಾನು ಕನ್ವರ್ಟ್ ಮಾಡಿದೆ. ಗುರುವಾರ ಅವರು ಬಂದರು, ಹೆಡ್‌ಫೋನ್ ಹಾಕಿಕೊಂಡರು, ಕೇಳಿದರು. ಕಣ್ಣು ಒರೆಸಿಕೊಂಡರು. ಕಥೆ ಮುಗಿಯಿತು.

(ಮುಗಿಯಲಿಲ್ಲ. ಕೊನೆಯ ನಾಲ್ಕು ವಾಕ್ಯಗಳಲ್ಲಿ ಮೊದಲೆರಡು ಮಾತ್ರ ನಿಜ, ಅವೂ ಅರ್ಧರ್ಧ. ನಾನು ಹೀಗೆ ಬರೆದು, ಪ್ರಿಂಟ್ ತೆಗೆದು, ಹರಿದು ಹಾಕಿದೆ.)

ಡ್ರಾಫ್ಟ್ ಎರಡು

ಇದರಲ್ಲಿ ಹೊನ್ನೂರುಸ್ವಾಮಿ ಬರುತ್ತಾನೆ. ನನ್ನ ಸ್ಟುಡಿಯೋದ ಪಾಲುದಾರ, ಡ್ರೋನ್ ಹಾರಿಸುವವನು. ಈ ಡ್ರಾಫ್ಟಿನ ಪ್ರಕಾರ ಅಕ್ಕೋರ ಕಾರ್ಡನ್ನು ಅವನು ನೋಡದೆ ಅಳಿಸಿಬಿಡುತ್ತಾನೆ. ಸಂಡೂರಿನ ಗುಡ್ಡದಲ್ಲಿ ಪ್ರೀ-ವೆಡ್ಡಿಂಗ್ ಮುಗಿಸಿ, ಕಾಲರಿನ ತನಕ ಕೆಂಪು ಧೂಳು ಮೆತ್ತಿಕೊಂಡು ಬಂದವನು ನನ್ನ ಹೆಗಲ ಮೇಲಿಂದ ಬಗ್ಗಿ ಇದನ್ನು ಓದಿದ.

"ಪಂಪೇಶಣ್ಣ, ಇದರಾಗ ನನ್ನ ಹೆಸರ ಐತಲ್ಲ."

"ಕಥಿ ಲೇ ಅದು."

"ಕಥಿ ಇದ್ರ ನಿನ್ನ ಹೆಸರ ಹಾಕ್ಕೋ. ಕಾರ್ಡು ಅಳಿಸಿದ್ದು ಯಾರು ಅಂತ ನನಗೂ ಗೊತ್ತೈತಿ, ನಿನಗೂ ಗೊತ್ತೈತಿ."

"ಓದೋರಿಗೆ ಗೊತ್ತಿಲ್ಲಲ್ಲ."

"ಹಂಗಾರ ಅವರಿಗೆ ಹೇಳು," ಎಂದು ಅವನು ಮುಖ ತೊಳೆಯಲು ಹೋದ.

೬

(ನಡುವಿನ ನಂಬರುಗಳನ್ನು ಹುಡುಕಬೇಡಿ. ಅಲ್ಲಿ ಇದ್ದದ್ದೆಲ್ಲ ನೆಪ.)

ಹೇಳುತ್ತೇನೆ. ನಮ್ಮ ದಂಧೆಯಲ್ಲಿ ಮದುವೆ ಮನೆಯ ಧ್ವನಿ ಅಂದರೆ ಕಸ. ಅಡುಗೆಯವರ ಕೂಗು, ಚಪ್ಪಲಿ ಕಳೆದವರ ಜಗಳ, ಮುಹೂರ್ತದ ಹೊತ್ತಿಗೆ ಸೊಸೆಯ ತವರಿನ ಬಗ್ಗೆ ಪಿಸುಮಾತು. ಕ್ಯಾಮೆರಾ ಎಲ್ಲವನ್ನೂ ಕೇಳಿಸಿಕೊಂಡಿರುತ್ತದೆ. ಗಿರಾಕಿಗೆ ಅದು ಬೇಡ, ಸಿನಿಮಾ ಹಾಡು ಬೇಕು. ಹಾಗಾಗಿ ನಾವು ಮೊದಲು ಮಾಡುವ ಕೆಲಸವೇ ಮೂಲ ಧ್ವನಿಯನ್ನು ಕಿತ್ತುಹಾಕುವುದು. ಪ್ರತಿ ಸಲ ಕ್ಲಿಕ್ ಮಾಡಲು ಬೇಸರವಾಗಿ, ಕನ್ವರ್ಟರಿನಲ್ಲಿ ನಾನೇ ಒಂದು ಸೆಟಿಂಗ್ ಮಾಡಿ, ಅದಕ್ಕೆ 'ಮದುವೆ' ಎಂದು ಹೆಸರಿಟ್ಟಿದ್ದೆ. ಚಿತ್ರ ಸರಿಪಡಿಸು, ಧ್ವನಿ ತೆಗೆ. ಹದಿನಾಲ್ಕು ವರ್ಷದಿಂದ ನನ್ನ ಬೆರಳು ನನ್ನನ್ನು ಕೇಳದೆಯೇ ಅದನ್ನು ಒತ್ತುತ್ತದೆ.

ಅಕ್ಕೋರ ಮೂವತ್ತೊಂಬತ್ತು ಫೈಲುಗಳಿಗೂ ಅದನ್ನೇ ಒತ್ತಿದೆ. ಕಾರ್ಡಿನಿಂದಲೇ ನೇರವಾಗಿ. ಕೆಲಸ ಮುಗಿಯಿತು ಎಂದು ಬಂತು. ಕೆಲಸ ಮುಗಿದ ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಪೂರ್ತಿ ಅಳಿಸುವುದು ನಮ್ಮ ಇನ್ನೊಂದು ಅಭ್ಯಾಸ. ಮಾಡಿದೆ. ಮರುದಿನ ಸಂಡೂರಿನ ಮದುವೆಗೆ ಹೊರಟಾಗ ಆಡಿಯೋ ರೆಕಾರ್ಡರಿಗೆ ಕಾರ್ಡು ಸಿಗಲಿಲ್ಲ. ಮೇಜಿನ ಮೇಲೆ ಅದೇ ಇತ್ತು. ಹಾಕಿಕೊಂಡು ಹೋದೆ. ಕಾರ್ಡು ಭರ್ತಿಯಾಗುವ ತನಕ ಡೊಳ್ಳು ರೆಕಾರ್ಡ್ ಆಯಿತು.

ಹೊಸ ಫೈಲುಗಳಲ್ಲಿ ಧ್ವನಿಯಿಲ್ಲವೆಂದು ಗೊತ್ತಾದ ಮೇಲೆ ಮೂರು ರಿಕವರಿ ಸಾಫ್ಟ್‌ವೇರ್ ಹಾಕಿ ಕೆದಕಿದೆ. ಮೂರೂ ನನಗೆ ಡೊಳ್ಳನ್ನೇ ಕೇಳಿಸಿದವು. ಮಾಧವಿಗೆ ಫೋನ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಕಾಪಿ ಇದೆಯೇ ಎಂದು ಕೇಳಿದೆ.

"ಇಲ್ಲ, ಕಾರ್ಡಿನಿಂದನ ಓಪನ್ ಮಾಡಿ ನೋಡಿದ್ದೆ. ಯಾಕ್ರಿ?"

"ಸುಮ್ನ ಕೇಳಿದೆ," ಎಂದೆ.

ಇನ್ನೂ ಒಂದು ಹೇಳಬೇಕು, ಇದು ಹೊನ್ನೂರುಸ್ವಾಮಿಗೂ ಗೊತ್ತಿಲ್ಲ. ಕನ್ವರ್ಟ್ ಮಾಡುವ ಮೊದಲು ನಾನು ಹದಿನೇಳನೇ ಫೈಲನ್ನು ಪ್ಲೇಯರಿನಲ್ಲಿ ಹಾಕಿ ಕೇಳಿದ್ದೆ. ಧ್ವನಿ ಸ್ಪಷ್ಟವಾಗಿತ್ತು. "ಸ್ವಲ್ಪ ಸರೀರಿ, ತೊಟ್ಟಿಲ ಕಾಣವಲ್ದು," ಎಂದು ರಾಯರು ಹೇಳಿದ್ದು ಈಗಲೂ ಕಿವಿಯಲ್ಲಿದೆ. ಹೆಂಗಸರು "ಒಡಪು, ಒಡಪು" ಎಂದು ಸುತ್ತುವರಿದರು. ನಾನು ಅಲ್ಲಿಗೆ ನಿಲ್ಲಿಸಿದೆ. ಅದನ್ನು ಅಕ್ಕೋರಿಗಿಂತ ಮೊದಲು ನಾನು ಕೇಳುವುದು ಸರಿಯಲ್ಲ ಅನಿಸಿತು. ಜೀವನದಲ್ಲಿ ಒಂದು ಸಲ ಮರ್ಯಾದೆಯಿಂದ ನಡೆದುಕೊಂಡೆ, ಅದೂ ಹೀಗಾಯಿತು. ಇನ್ನು ಹತ್ತು ಸೆಕೆಂಡ್ ಕೆಟ್ಟವನಾಗಿದ್ದರೆ ಇವತ್ತು ಕನಿಷ್ಠ ಬಾಯಿಮಾತಿನಲ್ಲಾದರೂ ಅವರಿಗೆ ಹೇಳಬಹುದಿತ್ತು.

ಮುಕ್ತಾಯ: ಅ

ಕಥೆಗಾರನ ಕೈಯಲ್ಲಿ ಏನು ತಾನೇ ಆಗುವುದಿಲ್ಲ? ಒಡಪನ್ನು ನಾನೇ ಕಟ್ಟುತ್ತೇನೆ. ಜನರೇಟರಿನ ಸದ್ದು ಹಾಕಿ, ಅದರ ಮೇಲೆ ನನ್ನ ಗಂಟಲನ್ನು ದಪ್ಪ ಮಾಡಿ ಡಬ್ ಮಾಡುತ್ತೇನೆ.

ಕಂಪ್ಲಿಯ ಕಬ್ಬು, ಹೊಸಪೇಟೆಯ ಬೆಲ್ಲ,
ಸರಸ್ವತಿ ಇಲ್ಲದ ಮನೆ ಮನೇನ ಅಲ್ಲ.

ಬರೆದು, ಡಬ್ ಮಾಡಿ ಮುಗಿಸುವಷ್ಟರಲ್ಲಿ ಅಕ್ಕೋರು (ಕಥೆಯ ಅಕ್ಕೋರು, ನಿಜದವರಲ್ಲ) ಎದುರಿನ ಕುರ್ಚಿಯಲ್ಲಿ ಬಂದು ಕೂತರು.

"ಇದು ಅವರದಲ್ಲ."

"ಯಾಕ್ರಿ ಅಕ್ಕೋರ? ಪ್ರಾಸ ಕುಂತೈತಿ."

"ಅದಕ್ಕ ಅಲ್ಲ ಅಂದೆ. ದಿನಾ ನೀರಿನ ಮಟ್ಟ ಬರಿಯೋ ಮನುಷ್ಯಾಗ ಇಷ್ಟು ಛಂದ ಪ್ರಾಸ ಎಲ್ಲಿಂದ ಬರಬೇಕು? ತಪ್ಪಿಸಿರ್ತಾರ ಅವರು. ನನಗ ಆ ತಪ್ಪ ಬೇಕು."

ಡಬ್ ಮಾಡಿದ್ದನ್ನು ಅಳಿಸಿದೆ. ಅಳಿಸುವುದರಲ್ಲಿ ನನ್ನ ಕೈ ಪಳಗಿದೆ, ನೀವೇ ನೋಡಿದ್ದೀರಿ.

ಮುಕ್ತಾಯ: ಆ

ಫೈಲು ಹಾಕಿಟ್ಟ ಪೆನ್‌ಡ್ರೈವ್ ಕಳೆದುಹೋಯಿತು ಎಂದು ಅಕ್ಕೋರಿಗೆ ಹೇಳುವುದು. (ಹೇಡಿತನ.)

ಮುಕ್ತಾಯ: ಇ

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ನಿಜದ ಅಕ್ಕೋರು ಬಂದರು. ಇದನ್ನು ನಾನು ಕಟ್ಟಿದ್ದಲ್ಲ.

ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಅವರು ಹೆಡ್‌ಫೋನನ್ನು ಕಿವಿಗೆ ಏರಿಸಿ, ಸೆರಗು ಸರಿಮಾಡಿ, ಮದುಮಗಳ ಅಮ್ಮನಂತೆ ನೆಟ್ಟಗೆ ಕೂತುಬಿಟ್ಟಿದ್ದರು. ನಾನು ಫೈಲ್ ಹಾಕಿದೆ. ಚಿತ್ರ ಅಗಲವಾಗಿ, ಸರಿಯಾಗಿ ಬಂತು. ಯಾರೂ ತೆಳ್ಳಗಿರಲಿಲ್ಲ. ಅಷ್ಟನ್ನಂತೂ ನಾನು ಸರಿಯಾಗಿ ಮಾಡಿದ್ದೆ.

"ಧ್ವನಿ ಇನ್ನೂ ಹಚ್ಚಿಲ್ಲೇನು?" ಎಂದು ಜೋರಾಗಿ ಕೇಳಿದರು, ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವ ಹಾಗೆ. ನನ್ನ ಉತ್ತರಕ್ಕೆ ಕಾಯಲಿಲ್ಲ. "ಇರ್ಲಿ, ಇರ್ಲಿ, ಮೊದಲು ನೋಡ್ತೀನಿ."

ಪರದೆಯ ಮೇಲೆ ಹೆಂಗಸರು ಕ್ಯಾಮೆರಾಕ್ಕೆ ಮುತ್ತಿಗೆ ಹಾಕಿದರು. ನಂತರ ಎಲ್ಲರೂ ಒಮ್ಮೆಲೇ ಸುಮ್ಮನಾದರು. ಚಿತ್ರ ಕೊಂಚ ಅಲುಗಾಡಿತು. ಹತ್ತಿರ ನಿಂತವರೆಲ್ಲ ಲೆನ್ಸಿನ ಕಡೆ ನೋಡಿ ಬಾಯಿಗೆ ಸೆರಗು ಹಚ್ಚಿ ನಕ್ಕರು.

"ಇಲ್ಲೇ," ಎಂದರು ಅಕ್ಕೋರು. "ಇಲ್ಲೇ ಅಂದಾರ ನೋಡು."

ದೂರದಲ್ಲಿ ತೊಟ್ಟಿಲ ಹಗ್ಗ ಹಿಡಿದಿದ್ದ ಐವತ್ತು ದಾಟಿದ ಅಕ್ಕೋರು ತಲೆ ಎತ್ತಿ, ಕಿವಿಯ ಹತ್ತಿರ ಕೈ ತಂದು, ಏನು ಎಂಬಂತೆ ಹುಬ್ಬು ಹಾರಿಸಿದರು. ಕ್ಯಾಮೆರಾ ಅವರ ಕಡೆ ನಡೆಯಿತು. ಝೂಮ್ ಅಲ್ಲ, ನಡಿಗೆ. ಹೆಜ್ಜೆ ಹೆಜ್ಜೆಗೂ ಚಿತ್ರ ಕುಲುಕುತ್ತಿತ್ತು. ಕೊನೆಗೆ ಪರದೆಯ ತುಂಬ ಅವರ ಮುಖ, ಬೆವೆತ ಮೂಗು, ಮೂಗುತಿ. ರಾಯರು ಅಷ್ಟು ಹತ್ತಿರ ಬಂದು ಇನ್ನೊಮ್ಮೆ ಹೇಳಿರಬೇಕು. ಚಿತ್ರದ ಅಕ್ಕೋರು ತಲೆಯಾಡಿಸಿದರು. ತುಟಿ ಅಲುಗಿತು.

"ಕೇಳಿಸ್ತು ಅಂದೆ," ಎಂದರು ಕುರ್ಚಿಯಲ್ಲಿದ್ದವರು. "ಜನರೇಟರ್ ಹೊಡಕೊಳ್ತಿತ್ತು, ಏನೂ ಕೇಳಿಸಿರಲಿಲ್ಲ. ಅಷ್ಟು ನಾಚಿಕಿ ಬಿಟ್ಟು ಎರಡು ಸಲ ಹೇಳ್ಯಾರ, ಮೂರನೇ ಸಲ ಹೆಂಗ ಕೇಳ್ಲಿ? ಕೇಳಿಸ್ತು ಅಂತ ಗೋಣು ಹಾಕಿದೆ. ಪಾಪ, ಖುಷಿ ಆದ್ರು. ಮುಂದ ಒಂದಿನಾನೂ ಮತ್ತ ಹೇಳ್ಲಿಲ್ಲ. ನಾ ಹೇಳೀನಲ್ಲ, ಆಕಿ ಕೇಳ್ಯಾಳಲ್ಲ ಅಂತನ ತಿಳಕೊಂಡು ಹೋದ್ರು."

ಕೇಳದೆಯೇ ತಲೆಯಾಡಿಸಿದ ಈ ವಿಷಯವನ್ನು ಅವರು ಯಾರಿಗೂ ಹೇಳಿರಲಿಲ್ಲ ಎಂದು ಕಾಣುತ್ತದೆ. ಕಾರ್ಡು ಹಿಡಿದು ಮಹಡಿ ಹತ್ತಿ ಬಂದಿದ್ದರ ಹಿಂದೆ ಇದಿತ್ತು ಎಂದು ನನಗೆ ಆಗ ತಿಳಿಯಿತು. ಅವರ ಪಕ್ಕದಲ್ಲಿ ನಿಂತು ಹೇಳಿದೆ:

"ಅಕ್ಕೋರ, ಧ್ವನಿ ಬರಂಗಿಲ್ಲ. ನನ್ನ ಕೈಯಾಗ ಅಳಿಸಿಹೋಗೈತಿ. ಕಾರ್ಡಿನಾಗೂ ಇಲ್ಲ. ಎಲ್ಲೂ ಇಲ್ಲ. ತಪ್ಪು ನಂದ."

ಹೆಡ್‌ಫೋನ್ ದಪ್ಪ ಗಾದಿಯದು. ಅದರಲ್ಲಿ ಏನೂ ನುಡಿಯುತ್ತಿರಲಿಲ್ಲ, ಆದರೂ ಹೊರಗಿನ ಮಾತನ್ನು ಎಷ್ಟು ಒಳಗೆ ಬಿಡುತ್ತದೋ ಹೇಳಲಾರೆ. ಅಕ್ಕೋರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹ್ಞೂಂ. ಕೇಳಿಸ್ತು," ಎಂದು ತಲೆಯಾಡಿಸಿದರು.

೬ ಮತ್ತೊಮ್ಮೆ, ಅಥವಾ ನಂಬರಿಲ್ಲ

ಹೆಡ್‌ಫೋನ್ ತೆಗೆಸಿ ಇನ್ನೊಮ್ಮೆ ಹೇಳಬೇಕಿತ್ತು ಎನ್ನುತ್ತೀರಿ. ನನಗೂ ಗೊತ್ತು. ನೀವಾಗಿದ್ದರೆ ಹೇಳುತ್ತಿದ್ದಿರೇ? ಒಳ್ಳೆಯದು, ನಿಮ್ಮ ಪ್ರತಿಯಲ್ಲಿ ಹಾಗೇ ಬರೆದುಕೊಳ್ಳಿ, ಅಂಚಿನಲ್ಲಿ ಜಾಗ ಬಿಟ್ಟಿದ್ದೇನೆ. ಅವರು ಅತ್ತರೆಂದೋ, ಬೈದರೆಂದೋ, ಕ್ಷಮಿಸಿದರೆಂದೋ ನೀವೇ ನಿರ್ಧರಿಸಿ. ನನ್ನ ಪ್ರತಿಯಲ್ಲಿ ಅವರು ಆ ಗುರುವಾರ ಏನೂ ಕೇಳದೆ ಮೆಟ್ಟಿಲಿಳಿದು ಹೋದರು. ಮುಂದಿನ ಗುರುವಾರ ಮತ್ತೆ ಬಂದರು.

ಇವತ್ತೂ ಗುರುವಾರ. ಪಕ್ಕದ ಕುರ್ಚಿಯಲ್ಲಿದ್ದಾರೆ. ಹದಿನೇಳನೇ ಫೈಲು ಎರಡನೇ ಸಲ ಓಡಿ ನಿಂತಿದೆ. ನಾನು ಟೈಪ್ ಮಾಡುವುದನ್ನು ನೋಡಿ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದರು.

"ಏನ್ ಬರೀತಿ?"

"ಒಂದು ಕಥಿ ರೀ. ನಿಮ್ಮದ."

"ಎಲ್ಲಿಗೆ ಬಂತು?"

"ನೀವು 'ಕೇಳಿಸ್ತು' ಅಂದಲ್ಲಿಗೆ."

ಅಕ್ಕೋರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು, ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದಾಗ ನೋಡುತ್ತಿದ್ದ ಹಾಗಲ್ಲ, ಬೇರೆ ಥರ. ನಂತರ ಹೆಡ್‌ಫೋನನ್ನು ಮತ್ತೆ ಕಿವಿಗೆ ಎಳೆದುಕೊಂಡರು.

"ಅಲ್ಲಿಗ ಇರ್ಲಿ ಬಿಡು," ಎಂದರು. "ಇನ್ನೊಮ್ಮಿ ಹಾಕು."